ರೇಡಿಯೇಟರಿನಲ್ಲಿ ಎಣ್ಣೆ

ನಮ್ಮ ಟೆಂಪೋ ಮೊದಲ ಸಲ ಎಂಜಿನ್ ಕಾದು ನಿಂತಾಗ ನಾನೂ ಅದರಲ್ಲಿದ್ದೆ. ಹೂವಿನಹಡಗಲಿಯಿಂದ ಹೊರಟಿದ್ದೆವು, ಹರಪನಹಳ್ಳಿ ಇನ್ನು ನಾಲ್ಕೈದು ಮೈಲಿ ಇತ್ತು. ಬೆಳಗಿನ ಏಳೂವರೆ. ಕಿಟಕಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಎಂಜಿನ್ ಕಾಯುವ ಹೊತ್ತೇ ಅಲ್ಲ. ಆದರೂ ಡ್ರೈವರ್ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ಎರಡು ಸಲ ನೋಡಿ, ಗಾಡಿಯನ್ನು ಬೇವಿನ ಮರದ ಕೆಳಗೆ ಒಯ್ದು ನಿಲ್ಲಿಸಿದ. ಮುಳ್ಳು ಕೆಂಪು ಗೆರೆ ದಾಟಿತ್ತು. ಮುಂಭಾಗದಿಂದ ಹಬೆ ಬುಸ್ಸೆಂದು ಎದ್ದು ಗಾಜೆಲ್ಲ ಬೆಳ್ಳಗಾಯಿತು. ಹಿಂದೆ ಇದ್ದದ್ದು ಕಬ್ಬಿಣವಲ್ಲ, ಸಿಮೆಂಟಲ್ಲ, ಮಲ್ಲಿಗೆ ಮೊಗ್ಗು. ಕಬ್ಬಿಣ ನಾಳೆ ತಲುಪಿದರೂ ಕಬ್ಬಿಣವೇ. ಮೊಗ್ಗು ಒಂಬತ್ತು ಗಂಟೆಯೊಳಗೆ ದಾವಣಗೆರೆ ಮುಟ್ಟದಿದ್ದರೆ ದಾರಿಯಲ್ಲೇ ಅರಳುತ್ತದೆ, ಅರಳಿದ ಹೂವನ್ನು ಯಾರೂ ಮೂಸಿ ನೋಡುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಮಾವನವರು ತೀರಿಕೊಂಡ ಮೇಲೆ ಹೂವಿನ ವ್ಯಾಪಾರ ನನ್ನ ತಲೆಗೆ ಬಂದಿತ್ತು. ನನ್ನ ಯಜಮಾನರು ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತರು, ಅವರಿಗೆ ಫೈಲಿನ ವಾಸನೆ ಒಗ್ಗಿದಷ್ಟು ಮಲ್ಲಿಗೆಯ ವಾಸನೆ ಒಗ್ಗಲಿಲ್ಲ. ಹಾಗಾಗಿ ಬೆಳಗಿನ ಜಾವ ನಮ್ಮ ಅಂಗಳಕ್ಕೆ ಒದ್ದೆ ಬಟ್ಟೆಯಲ್ಲಿ ಮೊಗ್ಗು ಕಟ್ಟಿಕೊಂಡು ಬರುವ ಬೆಳೆಗಾರರನ್ನು ಸಂಭಾಳಿಸುವವಳು ನಾನು, ತೂಗಿಸುವವಳು ನಾನು, ಗಾಡಿ ತುಂಬಿಸುವವಳೂ ನಾನು. ಹೆಂಗಸು ವ್ಯಾಪಾರಕ್ಕೆ ನಿಂತರೆ ಬಾಯಿ ದೊಡ್ಡದಿರಬೇಕು ಎಂದು ಯಾರೋ ಹೇಳಿದ್ದರು. ನಾನು ಅದನ್ನು ಬೇಕಾದ್ದಕ್ಕಿಂತ ಚೆನ್ನಾಗಿ ಕಲಿತೆ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಬೈದರೇನೇ ಕೆಲಸ ನಡೆಯುವುದು ಎಂದು ನಂಬಿದ್ದೆ. ನಡೆಯುತ್ತಲೂ ಇತ್ತು.

ಮನೆಯಲ್ಲಿ ಅತ್ತೆ ಇದ್ದರು. ಡ್ರೈವರ್ ಮಾವನವರ ಕಾಲದಿಂದ ಇದ್ದವನು, ಹನ್ನೊಂದು ವರ್ಷದ ಹಳಬ, ಕೂಡ್ಲಿಗಿ ಕಡೆಯ ಹಳ್ಳಿಯವನು. ದಿನಾ ಬೆಳಿಗ್ಗೆ ಅತ್ತೆ ಕೊಡದಲ್ಲಿ ನೀರು ತಂದುಕೊಡುವುದು, ಅವನು ಗಾಡಿಯ ಮುಂದಿನ ಸಣ್ಣ ಬಾಗಿಲೆತ್ತಿ ರೇಡಿಯೇಟರಿಗೆ ಸುರಿಯುವುದು, ಆಮೇಲೆ ಅತ್ತೆ ಅವನ ಕೈಗೆ ಎರಡು ರೊಟ್ಟಿ ಕೊಡುವುದು. ಅವರಿಬ್ಬರು ಏನೇನೋ ಮಾತಾಡಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ನನಗೆ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡಿದ್ದೆ.

ಆ ವರ್ಷ ಲಗ್ನಗಳು ಹೆಚ್ಚು, ಹೂವೂ ಹೆಚ್ಚು. ಹಿಂದೆ ಒತ್ತಿ ತುಂಬಿದರೆ ಮೊಗ್ಗು ನಲುಗುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿ, ಎರಡು ದೊಡ್ಡ ಪಿಂಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಗಾಡಿಯ ಮುಂದಿನ ಕಂಬಿಗೆ ಅಡ್ಡಲಾಗಿ ಕಟ್ಟಿಸುತ್ತಿದ್ದೆ. ಓಡುವಾಗ ಗಾಳಿ ಬಡಿದು ಆ ಮೊಗ್ಗು ಹಿಂದಿನದಕ್ಕಿಂತ ಬಿಗಿಯಾಗಿ ಉಳಿಯುತ್ತಿತ್ತು. ದಾವಣಗೆರೆಯ ಹೂವಿನವರು ಆ ಪಿಂಡಿಗಳನ್ನೇ ಮೊದಲು ಕೇಳುತ್ತಿದ್ದರು. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡಿದ್ದೆ.

ಬೇವಿನ ಮರದ ಕೆಳಗೆ ಮುಕ್ಕಾಲು ಗಂಟೆ ನಿಂತೆವು. ಡ್ರೈವರ್ ಮುಚ್ಚಳಕ್ಕೆ ಒದ್ದೆ ಬಟ್ಟೆ ಹಾಕಿ ನಿಧಾನವಾಗಿ ತಿರುವಿ, ಹಬೆ ಇಳಿದ ಮೇಲೆ ನೀರು ಹಾಕಿದ. ಅಷ್ಟು ಹೊತ್ತೂ ನಾನು ಅವನನ್ನು ಬೈಯುತ್ತಿದ್ದೆ. ಹೊರಡುವಾಗ ನೀರು ನೋಡಿರಲಿಲ್ಲ ಎಂಬುದು ನನ್ನ ವಾದ. ನೋಡಿದ್ದೆ ಎಂದು ಅವನು ಒಂದೇ ಸಲ ಹೇಳಿದ.

ಮರುದಿನ ಗಾಡಿ ಮತ್ತೆ ಕಾಯಿತು, ಅದರ ಮರುದಿನವೂ ಕಾಯಿತು. ಕೊಟ್ಟೂರಿನಲ್ಲಿ ಒಬ್ಬ ಮೇಸ್ತ್ರಿ ಇದ್ದರು, ಡೀಸೆಲ್ ಎಂಜಿನ್ನಿಗೆ ನಮ್ಮ ಸುತ್ತಿನ ಐದು ತಾಲ್ಲೂಕಿನಲ್ಲಿ ಅವರದೇ ಹೆಸರು. ಡ್ರೈವರ್ ಮಧ್ಯಾಹ್ನ ಖಾಲಿ ಗಾಡಿಯನ್ನು ಅಲ್ಲಿಗೆ ಒಯ್ದ. ಮೇಸ್ತ್ರಿ ಮೊದಲು ಫ್ಯಾನ್ ಬೆಲ್ಟ್ ಬಿಗಿ ಮಾಡಿದರು. ಅದರಿಂದ ಏನೂ ಆಗಲಿಲ್ಲ. ರೇಡಿಯೇಟರಿನ ಮುಚ್ಚಳದ ರಬ್ಬರ್ ಸವೆದಿದೆ, ಒತ್ತಡ ಹಿಡಿಯುವುದಿಲ್ಲ ಎಂದು ಹೊಸದು ಹಾಕಿದರು. ಅದರಿಂದಲೂ ಆಗಲಿಲ್ಲ. ನೀರನ್ನು ತಡೆದು ಬಿಡುವ ಒಂದು ಪುಟ್ಟ ವಾಲ್ವ್ ಇರುತ್ತದಂತೆ, ಅದನ್ನು ಕಿತ್ತು ಬಿಸಿನೀರಿನ ಬೋಗುಣಿಯಲ್ಲಿ ಹಾಕಿ, ಬಾಯಿ ತೆರೆಯುತ್ತದೋ ಇಲ್ಲವೋ ಎಂದು ನೋಡಿದರು. ತೆರೆಯಿತು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದೆ ಎಂದು ರೇಡಿಯೇಟರನ್ನೇ ಇಳಿಸಿ ಸೋಡಾ ನೀರಿನಲ್ಲಿ ತೊಳೆದರು. ಪ್ರತಿ ಸಲವೂ ಅವರೇ ಉಜ್ಜಿನಿಯವರೆಗೆ ಓಡಿಸಿಕೊಂಡು ಹೋಗಿ ಬರುತ್ತಿದ್ದರು, ಮುಳ್ಳು ಅಲುಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹೂ ತುಂಬಿಕೊಂಡು ಹೊರಟರೆ ಹರಪನಹಳ್ಳಿ ಮುಟ್ಟುವುದರೊಳಗೆ ಮುಳ್ಳು ಕೆಂಪಿಗೆ.

ಮೇಸ್ತ್ರಿಗೂ ತಲೆ ಕೆಟ್ಟಿತು. ಮಧ್ಯಾಹ್ನದ ಉರಿಬಿಸಿಲಲ್ಲಿ ಕಾಯದ ಎಂಜಿನ್ ಬೆಳಗಿನ ತಂಪಿನಲ್ಲಿ ಕಾಯುವುದನ್ನು ತಾವು ಕಂಡೇ ಇಲ್ಲ ಎಂದರು. ಭಾರ ಬಿದ್ದಾಗ ಮಾತ್ರ ಕಾಯುವುದಾದರೆ ರೋಗ ಒಳಗೇ ಇದೆ ಎಂದರು. ಆ ಮಾತಾಡಿ ವಾರವಾಗಿರಲಿಲ್ಲ, ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ತೇಲಿತು. ಮುಚ್ಚಳದ ಒಳಗೆಲ್ಲ ಕಂದು ಬಣ್ಣದ ಜಿಡ್ಡು. ರಬ್ಬರ್ ಪೈಪು ಉಬ್ಬಿ, ಕಳಿತ ಬಾಳೆಹಣ್ಣಿನಂತೆ ಮೆತ್ತಗಾಗಿತ್ತು. ಮೇಸ್ತ್ರಿ ಮುಖ ಸಣ್ಣದು ಮಾಡಿಕೊಂಡು, ಎಂಜಿನ್ನಿನ ಮೇಲ್ಭಾಗದ ಹೆಡ್ ಬಿರಿದಿರಬೇಕು ಇಲ್ಲವೇ ಅದರ ಕೆಳಗಿನ ಗ್ಯಾಸ್ಕೆಟ್ ಹಾಳೆ ಹೋಗಿರಬೇಕು, ಎಂಜಿನ್ನಿನ ಎಣ್ಣೆ ನೀರಿಗೆ ಇಳಿಯುತ್ತಿದೆ ಎಂದರು. ಆ ಗಾಡಿ ಕೂತರೆ ನಮ್ಮ ಅಂಗಳಕ್ಕೆ ಬರುವ ಅಷ್ಟೂ ಜನ ಬೇರೆ ಅಂಗಳಕ್ಕೆ ಹೋಗುತ್ತಾರೆ.

ನಾಲ್ಕು ದಿನ ಎಂಜಿನ್ ಬಿಚ್ಚಿಟ್ಟುಕೊಂಡರು. ನಾವು ಹೂವನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದೆವು, ಅರ್ಧ ಅರಳಿ ಹಾಳಾಯಿತು. ಹೆಡ್ಡನ್ನು ಹೊಸಪೇಟೆಗೆ ಒಯ್ದು ತೋರಿಸಿದರೆ ಕೂದಲೆಳೆಯಷ್ಟೂ ಬಿರುಕಿಲ್ಲ. ಗ್ಯಾಸ್ಕೆಟ್ ಸುಟ್ಟಿರಲಿಲ್ಲ. ಎಂಜಿನ್ನಿನ ಎಣ್ಣೆಯಲ್ಲಿ ಒಂದು ಹನಿ ನೀರಿರಲಿಲ್ಲ. ಮೇಸ್ತ್ರಿ ಎಲ್ಲವನ್ನೂ ಹೊಸ ಗ್ಯಾಸ್ಕೆಟ್ಟಿನೊಂದಿಗೆ ಜೋಡಿಸಿ, ಈ ಸಲ ನೀರಿನ ಬದಲು ಡಬ್ಬಿಯಿಂದ ಹಸಿರು ಬಣ್ಣದ ಕೂಲೆಂಟ್ ಸುರಿದರು. ನಮ್ಮ ಕಡೆ ಅದನ್ನು ಆಗ ಕಂಡವರೇ ಕಡಿಮೆ.

ಆ ಹಸಿರೇ ಎಲ್ಲವನ್ನೂ ಬಯಲು ಮಾಡಿತು. ಮುಂದಿನ ಸೋಮವಾರ ಗಾಡಿ ಮತ್ತೆ ಕಾಯಿತು. ದಾವಣಗೆರೆಯಿಂದ ಮರಳುವಾಗ ಡ್ರೈವರ್ ನೇರ ಕೊಟ್ಟೂರಿಗೆ ಹೋಗಿದ್ದ, ಮಂಗಳವಾರ ನಾನೂ ಬಸ್ಸು ಹಿಡಿದು ಹೋದೆ. ಮೇಸ್ತ್ರಿ ಮುಚ್ಚಳ ತೆಗೆದು ನನ್ನನ್ನು ಕರೆದರು. ಹಸಿರು ನೀರಿನ ಮೇಲೆ ಎಳೆ ಹಳದಿ ಎಣ್ಣೆ ಬಿಲ್ಲೆ ಬಿಲ್ಲೆಯಾಗಿ ನಿಂತಿತ್ತು. ಅವರು ಬೆರಳದ್ದಿ ಹೆಬ್ಬೆರಳಿಗೆ ತಿಕ್ಕಿ ಮೂಸಿದರು. ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ಮೇಸ್ತ್ರಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಅಕ್ಕಾರ, ಇದು ಎಂಜಿನ್ ಎಣ್ಣಿ ಅಲ್ರಿ. ಶೇಂಗಾ ಎಣ್ಣಿ ಐತಿ. ಯಾರೋ ಬೇಕಂತ ಹಾಕ್ಯಾರ."

ಮನುಷ್ಯರು ಹೀಗೂ ಮಾಡುತ್ತಾರೆಯೇ ಎಂದುಕೊಂಡೆ. ಆಮೇಲೆ ಸಿಟ್ಟು ಬಂತು. ಗಾಡಿಯ ಕೀಲಿ ಯಾರ ಹತ್ತಿರ, ಮುಚ್ಚಳ ತೆಗೆಯುವ ಕೈ ಯಾರದು ಎಂದು ಯೋಚಿಸಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಹಿಂದಿನ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಹೂವಿನ ಏಜೆಂಟನ ಜತೆ ಅವನು ನಗುತ್ತಾ ನಿಂತಿದ್ದನ್ನು ನೋಡಿದ್ದೆ. ಲೆಕ್ಕ ಕೂಡಿತು ಎನ್ನಿಸಿತು.

ಬುಧವಾರ ಬೆಳಿಗ್ಗೆ, ಅಂಗಳದಲ್ಲಿ ಮೂವತ್ತು ಜನ ಹೂವಿನವರು ತಕ್ಕಡಿ ಸುತ್ತ ನಿಂತಿದ್ದಾಗ, ನಾನು ಅವನನ್ನು ಎದುರಿಗೆ ನಿಲ್ಲಿಸಿಕೊಂಡೆ. ರೇಡಿಯೇಟರಿಗೆ ಎಣ್ಣೆ ಹಾಕಿ ಎಂಜಿನ್ ಕೆಡಿಸಿದವನು ನೀನು, ಇನ್ನೊಬ್ಬನ ಮಾತು ಕೇಳಿ ನನ್ನ ವ್ಯಾಪಾರ ಮುಳುಗಿಸಲು ನೋಡಿದೆ ಎಂದೆ. ಇನ್ನೂ ಬಹಳ ಅಂದೆ, ಅದನ್ನೆಲ್ಲ ಬರೆಯಲು ಈಗ ಕೈ ಬರುವುದಿಲ್ಲ. ಉಂಡ ಮನೆಯ ಜಂತೆ ಎಣಿಸುವವನು ಅಂದದ್ದು ಮಾತ್ರ ನೆನಪಿದೆ. ಅವನು ತಲೆಯೆತ್ತಿ ಒಂದೇ ಮಾತು ಕೇಳಿದ.

"ಅವ್ವಾರು ಊರಾಗಿಲ್ಲೇನ್ರಿ?"

ಅತ್ತೆ ಹಿಂದಿನ ದಿನವೇ ಕೋಗಳಿಯ ಮಗಳ ಮನೆಗೆ ಹೋಗಿದ್ದರು. ಅವರಿದ್ದರೆ ನಿನ್ನ ಪರ ವಹಿಸುತ್ತಾರೆ ಎಂದುಕೊಂಡೆಯಾ, ಯಾರಿದ್ದರೂ ನಿನಗೆ ಇಲ್ಲಿ ಜಾಗವಿಲ್ಲ ಎಂದೆ. ಅವನು ಹೌದೆನ್ನುವಂತೆ ತಲೆಯಾಡಿಸಿ, ಕೀಲಿಯನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು ಹೊರಟುಹೋದ. ನಾನು ತೂಕ ಮುಂದುವರಿಸಿದೆ.

ಶನಿವಾರ ಅತ್ತೆ ಬಂದರು. ಡ್ರೈವರ್ ತಾನೇ ಕೆಲಸ ಬಿಟ್ಟ ಎಂದು ಹೇಳಿದೆ. ಅವರು ಕೊಡ ಎತ್ತಿಕೊಂಡು ಬಾವಿಗೆ ಹೋದರು. ಬದಲಿ ಡ್ರೈವರ್ ಒಬ್ಬನನ್ನು ಇಟ್ಟುಕೊಂಡಿದ್ದೆ, ಕೀಲಿಯನ್ನು ನಾನೇ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದೆ. ಗಾಡಿ ಕಾಯುವುದು ನಿಂತಿರಲಿಲ್ಲ, ಹಳೆಯ ಜಿಡ್ಡಿಗಿರಬೇಕು, ಎಣ್ಣೆಯ ಪೀಡೆಯಂತೂ ಇನ್ನು ತೊಲಗಿತು ಎಂದುಕೊಂಡೆ. ಸೋಮವಾರ ಬದಲಿ ಡ್ರೈವರ್ ಹರಪನಹಳ್ಳಿಯಿಂದ ಫೋನ್ ಮಾಡಿಸಿದ. ಗಾಡಿ ಕಾದಿದೆ, ಮುಚ್ಚಳ ತೆಗೆದರೆ ಮೇಲೆಲ್ಲ ಎಣ್ಣೆ.

ಫೋನಿಟ್ಟ ಮೇಲೆ ನಾನು ಅಲ್ಲೇ ನೆಲಕ್ಕೆ ಕೂತೆ. ಯಾರನ್ನು ಓಡಿಸಿದ್ದೆನೋ ಅವನು ನಲವತ್ತು ಮೈಲಿ ದೂರದಲ್ಲಿದ್ದ. ಎಣ್ಣೆ ಮಾತ್ರ ಇಲ್ಲೇ ಇತ್ತು. ಹಿಂದಿನದನ್ನೆಲ್ಲ ನೆನೆದು ನೋಡಿದೆ, ಎಣ್ಣೆ ಕಂಡದ್ದು ಪ್ರತಿ ಸಲವೂ ಸೋಮವಾರವೇ. ಅದನ್ನು ನಾನು ಯಾರಿಗೂ ಹೇಳಲಿಲ್ಲ. ರೇಡಿಯೇಟರ್ ತೊಳೆಸಿ, ಮುಂದಿನ ಸೋಮವಾರಕ್ಕಾಗಿ ಕಾದೆ.

ಆ ಬೆಳಿಗ್ಗೆ ಇನ್ನೂ ಬೆಳಕು ಹರಿಯುತ್ತಿತ್ತು, ಹೂವಿನವರು ಬಂದಿರಲಿಲ್ಲ. ಅಡಿಗೆಮನೆಯ ಕಿಟಕಿಯಿಂದ ಅಂಗಳ ಕಾಣುತ್ತದೆ. ಅತ್ತೆ ಮಿಂದು, ಒದ್ದೆ ಕೂದಲು ಗಂಟು ಹಾಕಿಕೊಂಡು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರು. ಕೈಯಲ್ಲಿ ಒಂದು ಶೀಷೆ. ಆ ಶೀಷೆ ನನಗೆ ಗೊತ್ತು. ಉಜ್ಜಿನಿ ಜಾತ್ರೆಯಲ್ಲಿ ಗುಡಿಯ ಶಿಖರಕ್ಕೆ ಎರೆದ ಎಣ್ಣೆಯನ್ನು ಪ್ರಸಾದವೆಂದು ತಂದು, ಅದಕ್ಕೆ ಮನೆಯ ಶೇಂಗಾ ಎಣ್ಣೆ ಬೆರೆಸಿ ಹೆಚ್ಚಿಸಿ, ವರ್ಷವಿಡೀ ದೇವರ ಜಗಲಿಯ ಮೇಲೆ ಇಡುತ್ತಿದ್ದರು. ಮೊಣಕಾಲು ನೋವಿಗೆ ಅದೇ, ಮಕ್ಕಳಿಗೆ ಜ್ವರ ಬಂದರೆ ನೆತ್ತಿಗೆ ಅದೇ. ಅವರು ಗಾಡಿಯ ಮುಂದಿನ ಸಣ್ಣ ಬಾಗಿಲೆತ್ತಿದರು, ಎರಡೂ ಕೈಯಿಂದ ಒತ್ತಿ ಮುಚ್ಚಳ ತಿರುವಿದರು, ದೇವರಿಗೆ ಎರೆಯುವಂತೆ ಸಣ್ಣ ಧಾರೆಯಾಗಿ ಎಣ್ಣೆ ಬಿಟ್ಟರು. ಮುಚ್ಚಳ ಹಾಕಿ, ಆ ತಗಡಿನ ಮೇಲೆ ಅಂಗೈಯಿಟ್ಟು ಮಾತಾಡಿದರು.

"ತಂಪಾಗಿರಪ್ಪಾ. ನಿನ್ನ ಸಲುವಾಗಿ ಅವಗ ದಿನಾ ಬೈಗುಳ ಆತು. ಈಗ ಅವನೂ ಹೋದ."

ನಾನು ಕಿಟಕಿಯ ಸರಳು ಹಿಡಿದವಳು ಬಿಡಲಿಲ್ಲ. ಬೇರೆ ದಿನವಾಗಿದ್ದರೆ ಅಂಗಳಕ್ಕೆ ಓಡಿ ರಂಪ ಮಾಡುತ್ತಿದ್ದೆ. ಮೂವತ್ತು ಜನರ ಎದುರು ನಾನು ಅವನಿಗೆ ಅಂದದ್ದೆಲ್ಲ ಒಂದೊಂದೇ ಕಿವಿಗೆ ಬಂತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮವ್ವ ಹೇಳುತ್ತಿದ್ದಳು. ಕೊಯ್ದದ್ದು ನನ್ನ ಮೂಗಲ್ಲ, ಅವನದು. ಅತ್ತೆ ಒಳಗೆ ಬರುವಾಗ ನಾನು ಒಲೆಯ ಮುಂದೆ ಕೂತು ಚಹಾ ಕುದಿಸುತ್ತಿರುವವಳಂತೆ ಮುಖ ತಿರುಗಿಸಿಕೊಂಡೆ.

ಗಾಡಿ ಕಳಿಸಲಿಲ್ಲ. ಹೂವನ್ನು ಬಸ್ಸಿಗೆ ಹಾಕಿಸಿ, ಇನ್ನೊಂದು ಬಸ್ಸಿನಲ್ಲಿ ಕೊಟ್ಟೂರಿಗೆ, ಅಲ್ಲಿಂದ ಕೂಡ್ಲಿಗಿಗೆ, ಅಲ್ಲಿಂದ ಒಂದು ಆಟೋದಲ್ಲಿ ಅವನ ಹಳ್ಳಿಗೆ ಹೋದೆ. ಅವನು ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಟ್ರ್ಯಾಕ್ಟರಿನ ಫಿಲ್ಟರ್ ತೊಳೆಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಕೈ ಒರೆಸಿಕೊಂಡ, ಒಳಗೆ ನೀರಿಗೆ ಹೇಳಿದ. ಅವನ ಹೆಂಡತಿ ನೀರಿನ ತಂಬಿಗೆ ತಂದಿಟ್ಟಳು, ಮುಖ ನೋಡಲಿಲ್ಲ. ಎಣ್ಣೆ ಹಾಕಿದ್ದು ಯಾರು ಎಂದು ಕಂಡೆ ಎಂದು ಹೇಳಿದೆ. ಅವನು ಆಶ್ಚರ್ಯಪಡಲಿಲ್ಲ. ಅದನ್ನು ನೋಡಿ ಆಶ್ಚರ್ಯಪಟ್ಟವಳು ನಾನು. ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ.

ಹಸಿರು ಕೂಲೆಂಟ್ ಹಾಕಿದ ಮೇಲೆ ಗೊತ್ತಾಯಿತಂತೆ. ಗಾಡಿ ಯಾಕೆ ಕಾಯುತ್ತದೆ, ಅದಕ್ಕೆ ತಲೆ ಎಲ್ಲಿದೆ ಎಂದು ಅತ್ತೆ ಒಮ್ಮೆ ಕೇಳಿದ್ದರಂತೆ. ಇವನು ತಮಾಷೆಗೆ ರೇಡಿಯೇಟರಿನ ಮುಚ್ಚಳ ತೋರಿಸಿದ್ದ. ಕಾದ ನೆತ್ತಿಗೆ ಎಣ್ಣೆಯಿಟ್ಟು ತಂಪು ಮಾಡುವುದು ನಮ್ಮಲ್ಲಿ ಕೂಸಿನಿಂದ ಮುದುಕರವರೆಗೆ ಎಲ್ಲರಿಗೂ ಇದ್ದದ್ದೇ. ಹಸಿರು ನೀರಿನ ಮೇಲೆ ಹಳದಿ ಎಣ್ಣೆ ಕಂಡಾಗ ಇವನಿಗೆ ಅದು ನೆನಪಾಗಿತ್ತು. ಅತ್ತೆಯ ಹತ್ತಿರ ಮೆಲ್ಲಗೆ ಹೇಳಿ ನಿಲ್ಲಿಸೋಣವೆಂದುಕೊಂಡಿದ್ದ, ಅಷ್ಟರಲ್ಲಿ ಅವರು ಕೋಗಳಿಗೆ ಹೋಗಿದ್ದರು, ಮರುದಿನವೇ ನಾನು ಇವನನ್ನು ಅಂಗಳದಲ್ಲಿ ನಿಲ್ಲಿಸಿದ್ದೆ. ಹಾಗಾದರೆ ಅಲ್ಲೇ ಯಾಕೆ ಹೇಳಲಿಲ್ಲ ಎಂದೆ. ನನ್ನ ದನಿ ಆಗಲೂ ಏರಿತ್ತು.

ಅವನು ಫಿಲ್ಟರನ್ನು ಕಟ್ಟೆಯ ಅಂಚಿಗೆ ಸರಿಸಿದ. "ನನಗ ಅಂದಿದ್ದೆಲ್ಲ ಅವ್ವಾರಿಗಿ ಅಂತಿದ್ರಿ, ಅಕ್ಕಾರ. ಆ ವಯಸ್ಸಿಗಿ ಅವ್ರು ತಡ್ಕೊಂತಿದ್ದಿಲ್ಲ."

ಇಲ್ಲ, ನಾನು ಹಾಗೆ ಅನ್ನುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಸುಳ್ಳು ಎಂದು ನನಗೇ ಗೊತ್ತಿತ್ತು, ಮುಚ್ಚಿದೆ.

ಅವನಿಗೆ ಇನ್ನೊಂದು ಹೇಳುವುದಿತ್ತು. ಎಣ್ಣೆ ಬಂದದ್ದು ಆಮೇಲೆ, ಗಾಡಿ ಮೊದಲು ಕಾದದ್ದು ಯಾಕೆ ಎಂದು ಯಾರಾದರೂ ಕೇಳಿದಿರಾ ಎಂದ. ನನ್ನ ಎರಡು ಒದ್ದೆ ಪಿಂಡಿಗಳು ರೇಡಿಯೇಟರಿನ ಎದುರಿಗೇ ಅಡ್ಡ ಕೂರುತ್ತಿದ್ದವು. ಎಂಜಿನ್ ತಣಿಸಬೇಕಾದ ಗಾಳಿಯೆಲ್ಲ ಮೊಗ್ಗಿಗೆ ಬಡಿದು ಅಲ್ಲೇ ಉಳಿಯುತ್ತಿತ್ತು. ಕೊಟ್ಟೂರಿಗೆ ಹೋಗುವಾಗ ಗಾಡಿ ಖಾಲಿ, ಪಿಂಡಿಯಿಲ್ಲ, ಹಾಗಾಗಿ ಮೇಸ್ತ್ರಿಗೆ ರೋಗ ಕಾಣಲೇ ಇಲ್ಲ. ಇದನ್ನು ಅವನು ಮೊದಲ ವಾರವೇ ನನಗೆ ಹೇಳಿದ್ದನಂತೆ. ಡ್ರೈವರ್ ಕೆಲಸ ಸ್ಟೇರಿಂಗ್ ಹಿಡಿಯುವುದು, ಹೂ ಎಲ್ಲಿ ಕಟ್ಟಬೇಕೆಂದು ಹೇಳುವುದಲ್ಲ ಎಂದು ನಾನು ಅಂದಿದ್ದೆನಂತೆ. ನನಗೆ ನೆನಪೇ ಇರಲಿಲ್ಲ. ಅಷ್ಟು ಸಲೀಸಾಗಿ ಅಂದಿದ್ದೆ.

ತಪ್ಪಾಯಿತು, ವಾಪಸು ಬಾ ಎಂದೆ. ಆ ಮಾತು ನನ್ನ ಬಾಯಿಗೆ ಹೊಸದು, ತಡವರಿಸಿತು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವನ ಅಣ್ಣನ ಮಗಳಿಗೆ ಹಡಗಲಿಯಲ್ಲೇ ಗಂಡು ನೋಡಿದ್ದರಂತೆ, ಹುಡುಗನ ತಾಯಿ ಆ ದಿನ ನಮ್ಮ ಅಂಗಳದಲ್ಲಿ ಮೊಗ್ಗು ತೂಗಿಸುತ್ತಾ ನಿಂತಿದ್ದಳಂತೆ. ಆ ಮನೆಯವರು ಆಮೇಲೆ ಬರಲಿಲ್ಲ. ಇದನ್ನು ಹೇಳಿದ್ದು ಅವಳು, ಅವನಲ್ಲ.

"ಇಲ್ಲಿ ಹೇಳಿದ್ರ ಏನ್ ಬಂತ್ರಿ?" ಎಂದ ಅವನು. "ನಾಳಿ ಬರ್ತೀನಿ. ಅಲ್ಲಿ ಹೇಳ್ರಿ, ಆ ಮಂದಿ ಮುಂದ. ಅವ್ವಾರ ಹೆಸರು ಮಾತ್ರ ತಗೀಬ್ಯಾಡ್ರಿ."

ಹಿಂತಿರುಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅತ್ತೆಯ ಹೆಸರು ತೆಗೆಯದೆ ಎಣ್ಣೆಯ ಮಾತು ಹೇಳುವುದು ಹೇಗೆ? ಯಾರೋ ಹಾಕಿದರು ಎಂದರೆ ಜನ ಇವನನ್ನೇ ನೋಡುತ್ತಾರೆ. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಏನು ಹೇಳಬೇಕೆಂದು ನಿನಗೇ ಗೊತ್ತಿರಬೇಕಲ್ಲ ಎಂದರು. ಗೊತ್ತಿತ್ತು.

ರಾತ್ರಿಯ ಕೊನೆಯ ಬಸ್ಸಿಗೇ ಹಡಗಲಿಗೆ ಬಂದಿದ್ದ ಅವನು ಮರುದಿನ ಬೆಳಿಗ್ಗೆ ಅಂಗಳದ ಗೇಟಿನ ಹತ್ತಿರ ಚಪ್ಪಲಿ ಬಿಡದೆ ನಿಂತ. ಹೂವಿನವರು ಅವನನ್ನು ನೋಡಿ ಪಿಸಪಿಸ ಶುರು ಮಾಡಿದರು. ಹುಡುಗನ ತಾಯಿಯೂ ಇದ್ದಳು. ಅತ್ತೆ ಹಿಂದಿನ ಬಾವಿಯ ಹತ್ತಿರ ಇದ್ದರು. ನಾನು ತಕ್ಕಡಿಯ ಮುಂದಿನಿಂದ ಎದ್ದು ನಿಂತೆ. ಆ ದಿನ ಬೈಯಲು ಎಷ್ಟು ದೊಡ್ಡ ದನಿ ತೆಗೆದಿದ್ದೆನೋ ಅಷ್ಟೇ ದೊಡ್ಡ ದನಿ ತೆಗೆಯಬೇಕೆಂದು ನಿಶ್ಚಯಿಸಿದ್ದೆ. ಬರಲಿಲ್ಲ. ಸಣ್ಣ ದನಿಯಲ್ಲೇ ಹೇಳಿದೆ.

"ಇವಂದು ತಪ್ಪಿಲ್ಲ. ಗಾಡಿ ಕಾದಿದ್ದು ನಾನು ಮುಂದ ಪಿಂಡಿ ಕಟ್ಟಿಸಿದ್ದಕ್ಕ. ಎಣ್ಣಿ ಹಾಕಿದಾಕಿನೂ ನಾನ. ತಂಪಾಗತೈತಿ ಅಂತ ತಿಳಕೊಂಡಿದ್ದೆ."

ಮೂವತ್ತು ಜನ ನನ್ನನ್ನು ಮೊದಲ ಸಲ ನೋಡುವಂತೆ ನೋಡಿದರು. ಒಬ್ಬ ಮುದುಕ ಬೆಳೆಗಾರ, ಇಷ್ಟು ದೊಡ್ಡ ವ್ಯಾಪಾರ ಮಾಡುವಾಕೆಗೆ ಅಷ್ಟೂ ತಿಳಿಯಲಿಲ್ಲವೇ ಎಂದ. ತಿಳಿಯಲಿಲ್ಲ ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. ಮುಖ ಉರಿಯುತ್ತಿತ್ತು, ಆದರೂ ಕೂರಲಿಲ್ಲ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಹುಡುಗನ ತಾಯಿಯ ಮುಂದೆಯೇ ಹಾದು, ಕೈ ನೀಡಿದ. ನಾನು ಸೊಂಟದಿಂದ ಕೀಲಿ ತೆಗೆದು ಕೊಟ್ಟೆ. ಅವನು ಮೊದಲು ಮಾಡಿದ ಕೆಲಸವೆಂದರೆ ಮುಂದಿನ ಕಂಬಿಯಿಂದ ಹಗ್ಗ ಬಿಚ್ಚಿ ಎಸೆದದ್ದು. ಆಮೇಲೆ ಎಣ್ಣೆ ನೀರು ಚೆಲ್ಲಿ ಹೊಸ ನೀರು ತುಂಬಿದ. ಆ ದಿನ ಮುಳ್ಳು ದಾವಣಗೆರೆಯವರೆಗೂ ನಟ್ಟ ನಡುವೆ ನಿಂತಿತ್ತು.

ಸಂಜೆಯೊಳಗೆ ಸುದ್ದಿ ಓಣಿಯೆಲ್ಲ ಸುತ್ತಿ ಅತ್ತೆಯ ಕಿವಿಗೂ ಬಿತ್ತು. ನಾನು ಪಡಸಾಲೆಯಲ್ಲಿ ಗೋಣಿ ಮಡಚುತ್ತಿದ್ದೆ. ಅವರು ಬಂದು, ಎಂದೂ ಕೂರದವರು, ನನ್ನ ಪಕ್ಕದಲ್ಲೇ ಕೂತರು. ನನ್ನ ಮುಖ ನೋಡಿದರು. ನಾನು ಹೇಳಿದ್ದು ಸುಳ್ಳೆಂದು ತಿಳಿದುಬಿಟ್ಟಿತೇನೋ ಎಂದುಕೊಂಡೆ.

"ನೀನೂ ಹಾಕ್ತಿದ್ದೇನವ್ವಾ?" ಎಂದರು. ಹೌದು ಅತ್ತೆ, ಅದಕ್ಕೆ ಎಣ್ಣೆ ಆಗುವುದಿಲ್ಲವಂತೆ, ನನಗೂ ಗೊತ್ತಿರಲಿಲ್ಲ ಎಂದೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಆ ಮನೆಗೆ ನಾನು ಬಂದು ಹದಿನಾಲ್ಕು ವರ್ಷವಾಗಿತ್ತು, ನನ್ನೆದುರು ಅವರು ನಕ್ಕದ್ದನ್ನು ಅಂದೇ ಕಂಡೆ. ನಗು ನಿಂತ ಮೇಲೆ ನನ್ನ ಕೈ ಮೇಲೆ ಕೈಯಿಟ್ಟರು.

"ಮೊದ್ಲ ಗೊತ್ತಿದ್ರ ಇಬ್ರೂ ಕೂಡೇ ಹಾಕ್ತಿದ್ವಿ. ನಾ ನಿನಗ ಹೆದರಿ ಕದ್ದು ಹಾಕ್ತಿದ್ನಿ."